ನ್ಯೂರೋಫೈಬ್ರೊಮಟೋಸಿಸ್: ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆ ತೋರುವ, ಕ್ಯಾನ್ಸರ್ ಅಲ್ಲದ ಬದಲಾವಣೆಗಳು

ಎದೆಯ ಎಕ್ಸ್-ರೇ ಒಂದರಲ್ಲಿ ಬೆನ್ನುಮೂಳೆಗೆ ಅಂಟಿಕೊಂಡಂತೆ ಐದಾರು ಸೆಂಟಿಮೀಟರ್ ಅಗಲದ, ಅಂಚು ನುಣುಪಾದ ಬಿಳಿಯ ನೆರಳು ಕಾಣುತ್ತದೆ. ಅದರ ಬದಿಯ ಪಕ್ಕೆಲುಬುಗಳು ತೆಳ್ಳಗಾಗಿವೆ, ಕಶೇರುಮಣಿಯ ಹಿಂಬದಿ ಒಳಸರಿದಿದೆ. ನಲವತ್ತು ದಾಟಿದ ಯಾರ ಎದೆಯಲ್ಲೇ ಆಗಲಿ ಇಂಥ ಚಿತ್ರ ಕಂಡರೆ, ಮೂಳೆಯನ್ನು ತಿನ್ನುತ್ತ ಬೆಳೆಯುತ್ತಿರುವ ಗಡ್ಡೆಯೇ ಇರಬೇಕೆಂಬ ಅನುಮಾನ ಮೊದಲು ಮೂಡುವುದು ಸಹಜ. ಆದರೆ ಆ ವ್ಯಕ್ತಿಯ ಮೈಮೇಲೆ ಹಾಲು ಬೆರೆತ ಕಾಫಿಯ ಬಣ್ಣದ ಮಚ್ಚೆಗಳೂ ಚರ್ಮದಲ್ಲಿ ಮೆತ್ತನೆಯ ಗಂಟುಗಳೂ ಇವೆಯೆಂದು ತಿಳಿದರೆ ಅದೇ ನೆರಳಿನ ಅರ್ಥ ಬದಲಾಗುತ್ತದೆ. ಅದು ಗಡ್ಡೆಯೇ ಅಲ್ಲದೆ, ಬೆನ್ನುಹುರಿಯ ಸುತ್ತಲಿನ ಪೊರೆ ಹೊರಕ್ಕೆ ಉಬ್ಬಿ ದ್ರವ ತುಂಬಿಕೊಂಡ ಚೀಲವಾಗಿರಬಹುದು. ಹಾಗಿದ್ದಲ್ಲಿ, ಪರೀಕ್ಷೆಗೆಂದು ಅದಕ್ಕೆ ಸೂಜಿ ಚುಚ್ಚುವುದೇ ರೋಗಿಗೆ ಹಾನಿ ಮಾಡುತ್ತದೆ.

ನ್ಯೂರೋಫೈಬ್ರೊಮಟೋಸಿಸ್‌ನ ಒಂದನೇ ಬಗೆ, ಅಂದರೆ ಎನ್‌ಎಫ್-1, ಇಂಥ ಗೊಂದಲದ ಚಿತ್ರಗಳನ್ನು ತಲೆಯಿಂದ ಕಾಲಿನವರೆಗೆ ಎಲ್ಲಿ ಬೇಕಾದರೂ ಉಂಟುಮಾಡಬಲ್ಲ ಕಾಯಿಲೆ. ಇದರ ತೊಡಕು ಎರಡು ದಿಕ್ಕಿನದು. ಈ ಕಾಯಿಲೆಯವರಿಗೆ ಕೆಲವು ಕ್ಯಾನ್ಸರ್‌ಗಳ ಅಪಾಯ ಉಳಿದವರಿಗಿಂತ ನಿಜವಾಗಿಯೂ ಹೆಚ್ಚು, ಆದ್ದರಿಂದ ಕಂಡದ್ದನ್ನೆಲ್ಲ ‘ಇದು ಮೊದಲಿಂದ ಇರುವ ಕಾಯಿಲೆಯದೇ’ ಎಂದು ಬದಿಗೆ ಸರಿಸುವಂತಿಲ್ಲ. ಅದೇ ವೇಳೆ, ಕ್ಯಾನ್ಸರಿನ ವೇಷದಲ್ಲಿ ಕಾಣಿಸಿಕೊಳ್ಳುವ ಸಾಧು ಬದಲಾವಣೆಗಳೂ ಇವರಲ್ಲಿ ಎಷ್ಟೋ ಪಾಲು ಹೆಚ್ಚು, ಆದ್ದರಿಂದ ಪ್ರತಿ ನೆರಳಿನ ಹಿಂದೆ ಬಯಾಪ್ಸಿಗೆ ಓಡುವಂತೆಯೂ ಇಲ್ಲ. ಈ ಎರಡರ ನಡುವೆ ದಾರಿ ಹುಡುಕುವಾಗ ನೆರವಿಗೆ ಬರುವುದು ಯಂತ್ರದ ಬೆಲೆಯಾಗಲಿ ಹೊಸತನವಾಗಲಿ ಅಲ್ಲ, ಚಿತ್ರ ಯಾರದು ಎಂಬ ತಿಳಿವಳಿಕೆ ಎಂದೇ ನನ್ನ ದೃಢವಾದ ಅಭಿಪ್ರಾಯ.

ಕಾಯಿಲೆಯ ಬುಡ

ಚರ್ಮದ ಗಂಟುಗಳು ನರಗಳಿಗೆ ಸೇರಿದವೆಂದು 1882ರಲ್ಲಿ ವಿವರವಾಗಿ ತೋರಿಸಿದವರು ಜರ್ಮನಿಯ ರೋಗಶಾಸ್ತ್ರಜ್ಞ ಫ್ರೀಡ್ರಿಕ್ ಫಾನ್ ರೆಕ್ಲಿಂಗ್‌ಹೌಸನ್. ಕಾಯಿಲೆಗೆ ಕಾರಣವಾದ ಜೀನ್ 17ನೇ ಕ್ರೋಮೋಸೋಮಿನಲ್ಲಿದ್ದು, ಅದನ್ನು 1990ರಲ್ಲಿ ಬೇರ್ಪಡಿಸಿ ಗುರುತಿಸಲಾಯಿತು. ಆ ಜೀನಿನಿಂದ ತಯಾರಾಗುವ ನ್ಯೂರೋಫೈಬ್ರೊಮಿನ್ ಎಂಬ ಪ್ರೋಟೀನು, ಜೀವಕೋಶಕ್ಕೆ ‘ಬೆಳೆ, ವಿಭಜಿಸು’ ಎಂದು ಹೇಳುವ ರಾಸ್ ಎಂಬ ಸಂಕೇತ ವ್ಯವಸ್ಥೆಯನ್ನು ಹತೋಟಿಯಲ್ಲಿಡುತ್ತದೆ. ಜೀನು ಕೆಟ್ಟಾಗ ಹತೋಟಿ ಸಡಿಲಗೊಳ್ಳುತ್ತದೆ. ಸುಮಾರು 3,000 ಶಿಶುಗಳಲ್ಲಿ ಒಂದಕ್ಕೆ ಈ ಕಾಯಿಲೆ ಇರುತ್ತದೆ. ಸುಮಾರು ಅರ್ಧದಷ್ಟು ಜನರಲ್ಲಿ ಜೀನಿನ ದೋಷ ಅವರಲ್ಲೇ ಹೊಸದಾಗಿ ಹುಟ್ಟಿರುತ್ತದಾದ್ದರಿಂದ, ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎಂಬ ಮಾತಿನಿಂದ ಕಾಯಿಲೆಯನ್ನು ಅಲ್ಲಗಳೆಯಲಾಗುವುದಿಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಭೆ 1987ರಲ್ಲಿ ರೂಪಿಸಿದ, 2021ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಪರಿಷ್ಕರಿಸಿದ ಲಕ್ಷಣಗಳ ಆಧಾರದ ಮೇಲೆ ರೋಗವನ್ನು ಗುರುತಿಸಲಾಗುತ್ತದೆ. ಆರು ಅಥವಾ ಅದಕ್ಕಿಂತ ಹೆಚ್ಚು ಕಾಫಿ ಬಣ್ಣದ ಮಚ್ಚೆಗಳು, ಕಂಕುಳಲ್ಲಿ ಅಥವಾ ತೊಡೆಸಂದಿನಲ್ಲಿ ಸಣ್ಣ ಕಂದು ಚುಕ್ಕೆಗಳು, ನ್ಯೂರೋಫೈಬ್ರೊಮ ಎಂಬ ಗಂಟುಗಳು, ಕಣ್ಣಿನ ಪಾಪೆಯ ಸುತ್ತಲ ಬಣ್ಣದ ಭಾಗದಲ್ಲಿ ಲಿಶ್ ಗಂಟುಗಳು, ದೃಷ್ಟಿನರದ ಗಡ್ಡೆ, ಕೆಲವು ನಿರ್ದಿಷ್ಟ ಮೂಳೆದೋಷಗಳು ಅದರಲ್ಲಿ ಸೇರಿವೆ. ಮಚ್ಚೆಗಳು ಎಷ್ಟು ದೊಡ್ಡದಿರಬೇಕೆಂಬುದಕ್ಕೂ ಅಳತೆ ಇದೆ: ಪ್ರಾಯಕ್ಕೆ ಬರುವ ಮೊದಲು 5 ಮಿಲಿಮೀಟರಿಗೆ ಮೀರಿರಬೇಕು, ಆಮೇಲೆ 15 ಮಿಲಿಮೀಟರಿಗೆ ಮೀರಿರಬೇಕು. ನಮ್ಮಲ್ಲಿ ಇವನ್ನು ಹುಟ್ಟುಮಚ್ಚೆ ಎಂದು ಬಿಟ್ಟುಬಿಡುವುದು ಸಾಮಾನ್ಯವಾಗಿರುವುದರಿಂದ, ಕೆಲವರಿಗೆ ತಮಗೆ ಈ ಕಾಯಿಲೆ ಇದೆಯೆಂಬುದೇ ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಿಂದ ಮೊದಲ ಬಾರಿಗೆ ತಿಳಿಯುತ್ತದೆ. ಎರಡನೇ ಬಗೆಯೆಂದು ಕರೆಯಲಾಗುತ್ತಿದ್ದ ಕಾಯಿಲೆ 22ನೇ ಕ್ರೋಮೋಸೋಮಿನ ಬೇರೆಯೇ ಜೀನಿನದು. ಅದರ ಚಿತ್ರಗಳೂ ಬೇರೆ. ಅದನ್ನು ಇಲ್ಲಿ ಚರ್ಚಿಸುತ್ತಿಲ್ಲ.

ಮುಂದಿನದೆಲ್ಲ ಅರ್ಥವಾಗಲು ಒಂದು ಸಂಗತಿ ಸ್ಪಷ್ಟವಾಗಿರಬೇಕು. ಈ ಜೀನಿನ ಕೆಲಸ ನರಗಳ ಹೊದಿಕೆಯಲ್ಲಷ್ಟೇ ಅಲ್ಲ, ಮೂಳೆ ರೂಪುಗೊಳ್ಳುವಲ್ಲಿಯೂ ಮಿದುಳು ಮತ್ತು ಬೆನ್ನುಹುರಿಯ ಪೊರೆಗಳಲ್ಲಿಯೂ ರಕ್ತನಾಳದ ಗೋಡೆಯಲ್ಲಿಯೂ ನಡೆಯುತ್ತದೆ. ಆದ್ದರಿಂದ ಎನ್‌ಎಫ್-1ರಲ್ಲಿ ಮೂಳೆ ಸವೆದಿದ್ದರೆ ಅದನ್ನು ಯಾವುದೋ ಗಡ್ಡೆ ಸವೆಸಿರಲೇಬೇಕೆಂದಿಲ್ಲ. ಆ ಮೂಳೆ ಹುಟ್ಟಿನಿಂದಲೇ ಸರಿಯಾಗಿ ರೂಪುಗೊಂಡಿರದೆ ಇರಬಹುದು. ಸಾಮಾನ್ಯ ರೋಗಿಯಲ್ಲಿ ‘ಮೂಳೆ ಹೋಗಿದೆ, ಆದ್ದರಿಂದ ಗಡ್ಡೆ ಇದೆ’ ಎಂಬ ತರ್ಕ ಬಹುಪಾಲು ನಿಲ್ಲುತ್ತದೆ. ಇಲ್ಲಿ ಅದು ನಿಲ್ಲುವುದಿಲ್ಲ.

ಮಗುವಿನ ಮಿದುಳಿನಲ್ಲಿ ಹೊಳೆಯುವ ಕಲೆಗಳು

ಎನ್‌ಎಫ್-1 ಇರುವ ಏಳೆಂಟು ವರ್ಷದ ಮಗುವಿಗೆ ತಲೆನೋವೆಂದೋ ಕಲಿಕೆಯ ತೊಂದರೆಯೆಂದೋ ಎಂ.ಆರ್.ಐ. ಮಾಡಿಸಿದರೆ, ನೀರಿನಂಶವನ್ನು ಬಿಳುಪಾಗಿ ತೋರಿಸುವ ಟಿ-2 ಚಿತ್ರಗಳಲ್ಲಿ ಮಿದುಳಿನ ಆಳದಲ್ಲಿ ಹಲವು ಬಿಳಿಯ ಕಲೆಗಳು ಕಾಣುವ ಸಾಧ್ಯತೆ ಬಹಳ ಹೆಚ್ಚು. ಈ ಕಾಯಿಲೆಯ ಅರ್ಧಕ್ಕಿಂತ ಹೆಚ್ಚಿನ ಮಕ್ಕಳಲ್ಲಿ ಇವು ಇರುತ್ತವೆ. ಗ್ಲೋಬಸ್ ಪ್ಯಾಲಿಡಸ್ ಎಂಬ ಆಳದ ನರಕೇಂದ್ರ, ಥಲಾಮಸ್, ಮಿದುಳಕಾಂಡ ಮತ್ತು ಕಿರುಮಿದುಳು ಇವುಗಳ ಮೆಚ್ಚಿನ ತಾಣಗಳು. ಮಿದುಳಕಾಂಡದಲ್ಲಿ ಬಿಳಿಯ ಕಲೆ ಎಂದೊಡನೆ ಮಕ್ಕಳ ವೈದ್ಯರಿಗೆ ನೆನಪಾಗುವುದು ಅಲ್ಲಿ ಹುಟ್ಟುವ, ಗ್ಲಿಯೋಮ ಎಂಬ ಮಾರಕ ಗಡ್ಡೆ. ಆದ್ದರಿಂದಲೇ ವರದಿಯಲ್ಲಿ ‘ಗ್ಲಿಯೋಮ ಇರಬಹುದೇ?’ ಎಂಬ ಪ್ರಶ್ನೆ ಸೇರಿಕೊಳ್ಳುತ್ತದೆ, ಮನೆಯವರ ಪಾಲಿಗೆ ಅದು ಪ್ರಶ್ನೆಯಾಗಿ ಉಳಿಯದೆ ತೀರ್ಪೇ ಆಗಿಬಿಡುತ್ತದೆ.

ಈ ಕಲೆಗಳು ಗಡ್ಡೆಗಳಲ್ಲ. ನರತಂತುಗಳ ಮೇಲಿನ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ಪದರಗಳ ನಡುವೆ ನೀರಿನಂಶ ಸೇರಿ, ಅತಿಸಣ್ಣ ಗುಳ್ಳೆಗಳಾಗಿರುವ ಜಾಗಗಳು ಇವೆಂದು ಅಂಗಾಂಶ ಪರೀಕ್ಷೆಗಳು ತೋರಿಸಿವೆ. ಅಲ್ಲಿ ಜೀವಕೋಶಗಳ ರಾಶಿ ಇಲ್ಲದ ಕಾರಣ ಸುತ್ತಲಿನ ಮಿದುಳನ್ನು ಅವು ತಳ್ಳುವುದಿಲ್ಲ. ಚಿತ್ರ ಓದುವವರು ಹುಡುಕಬೇಕಾದದ್ದು ಇದನ್ನೇ: ಪಕ್ಕದ, ದ್ರವ ತುಂಬಿದ ನಾಲ್ಕನೇ ಕುಹರ ಒತ್ತಿಹೋಗಿದೆಯೇ, ಮಿದುಳಕಾಂಡ ದಪ್ಪಗಾಗಿದೆಯೇ, ಚಿತ್ರದಲ್ಲಿ ಎದ್ದು ತೋರಿಸುವ ಕಾಂಟ್ರಾಸ್ಟ್ ಎಂಬ ದ್ರವವನ್ನು ರಕ್ತನಾಳಕ್ಕೆ ಕೊಟ್ಟಾಗ ಕಲೆ ಬೆಳಗುತ್ತದೆಯೇ, ಎಂ.ಆರ್.ಐ.ಯ ಇನ್ನೊಂದು ಬಗೆಯಾದ ಟಿ-1 ಚಿತ್ರದಲ್ಲಿ ಅದೇ ಜಾಗ ಸ್ಪಷ್ಟವಾಗಿ ಕಪ್ಪಾಗಿದೆಯೇ. ಸಾಧು ಕಲೆ ಟಿ-1ರಲ್ಲಿ ಬಹುಮಟ್ಟಿಗೆ ಕಾಣದಂತಿರುತ್ತದೆ, ಗ್ಲೋಬಸ್ ಪ್ಯಾಲಿಡಸ್‌ನಲ್ಲಾದರೆ ತುಸು ಬೆಳ್ಳಗೂ ತೋರಬಹುದು. ಕಾಂಟ್ರಾಸ್ಟಿಗೆ ಅದು ಸ್ಪಂದಿಸುವುದಿಲ್ಲ. ಸಂದೇಹ ಉಳಿದರೆ, ಆ ಜಾಗದ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿ ನೆರವಾಗುತ್ತದೆ. ಗ್ಲಿಯೋಮದಲ್ಲಿ ಕೋಶಪೊರೆಗಳ ಕೋಲೀನ್ ಏರಿ, ಆರೋಗ್ಯವಂತ ನರಕೋಶದ ಗುರುತಾದ ಎನ್-ಅಸಿಟೈಲ್ ಆಸ್ಪಾರ್ಟೇಟ್ ಇಳಿದಿರುತ್ತದೆ. ಸಾಧು ಕಲೆಯಲ್ಲಿ ಎರಡನೆಯದು ಸಾಕಷ್ಟು ಉಳಿದಿರುತ್ತದೆ.

ಕಾಲದ ಲೆಕ್ಕವೂ ಮುಖ್ಯ. ಈ ಕಲೆಗಳು ಬಾಲ್ಯದಲ್ಲಿ ಹೆಚ್ಚಾಗುತ್ತವೆ, ಸುಮಾರು ಹತ್ತರ ವಯಸ್ಸಿನ ಆಚೆ ಮಾಸತೊಡಗುತ್ತವೆ, ದೊಡ್ಡವರಲ್ಲಿ ಅಪರೂಪವಾಗುತ್ತವೆ. ಹೀಗಾಗಿ ಆರು ವರ್ಷದ ಮಗುವಿನಲ್ಲಿ ಹೊಸದೊಂದು ಕಲೆ ಕಂಡರೆ ಅಷ್ಟರಿಂದಲೇ ಗಾಬರಿಪಡಬೇಕಿಲ್ಲ, ಆದರೆ ಹದಿನಾರು ವರ್ಷದವರಲ್ಲಿ ಇದ್ದ ಕಲೆ ಬೆಳೆಯುತ್ತಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಒಂದೇ ಚಿತ್ರದಿಂದ ಹೇಳಲಾಗದ್ದನ್ನು ಆರು ತಿಂಗಳೋ ಒಂದು ವರ್ಷವೋ ಬಿಟ್ಟು ತೆಗೆದ ಎರಡನೇ ಚಿತ್ರ ಹೇಳುತ್ತದೆ. ಮಿದುಳಕಾಂಡಕ್ಕೆ ಸೂಜಿ ಹಾಕುವುದು ಎಷ್ಟು ಅಪಾಯದ ಕೆಲಸವೆಂಬುದನ್ನು ನೆನೆದರೆ, ಆ ಕಾಯುವಿಕೆ ಚಿಕಿತ್ಸೆಯಷ್ಟೇ ಬೆಲೆಯುಳ್ಳದ್ದು.

ಕಣ್ಣಿನ ಹಿಂದಿನ ನರದ ವಿಚಾರ ತುಸು ಭಿನ್ನ. ಎನ್‌ಎಫ್-1 ಇರುವ ನೂರು ಮಕ್ಕಳಲ್ಲಿ ಹದಿನೈದರಿಂದ ಇಪ್ಪತ್ತು ಮಂದಿಗೆ ದೃಷ್ಟಿನರದಲ್ಲಿ ನಿಜವಾದ ಗಡ್ಡೆಯೇ ಬರುತ್ತದೆ. ಅದು ಗ್ಲಿಯೋಮವೇ ಆದರೂ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಸಾಮಾನ್ಯವಾಗಿ ಒಂದನೇ ದರ್ಜೆಯದು. ಎಷ್ಟೋ ಮಕ್ಕಳಲ್ಲಿ ಯಾವ ತೊಂದರೆಯನ್ನೂ ಕೊಡದೆ ಹಾಗೆಯೇ ಉಳಿಯುತ್ತದೆ, ಕೆಲವರಲ್ಲಿ ತಾನಾಗಿಯೇ ಕುಗ್ಗುವುದೂ ಉಂಟು. ಇಲ್ಲಿ ಚಿಕಿತ್ಸೆಯನ್ನು ನಿರ್ಧರಿಸುವುದು ಗಡ್ಡೆಯ ಗಾತ್ರಕ್ಕಿಂತ ಮಗುವಿನ ದೃಷ್ಟಿ. ಇನ್ನು ಕೆಲವರಲ್ಲಿ ಗಡ್ಡೆಯೇ ಇಲ್ಲದೆ ನರವು ಅಂಕುಡೊಂಕಾಗಿ ಸಾಗಿ, ಅದರ ಸುತ್ತಲ ಕವಚ ಹಿಗ್ಗಿ ದ್ರವ ತುಂಬಿಕೊಂಡಿರುತ್ತದೆ. ದಪ್ಪ ಪದರಗಳಲ್ಲಿ ತೆಗೆದ ಚಿತ್ರದಲ್ಲಿ ಅದು ಉಬ್ಬಿದ ನರದಂತೆಯೇ ಕಾಣುತ್ತದೆ. ಕೊಬ್ಬಿನ ಹೊಳಪನ್ನು ಅಡಗಿಸಿ, ತೆಳು ಪದರಗಳಲ್ಲಿ, ಕಣ್ಣುಗುಳಿಗೆಂದೇ ತೆಗೆದ ಎಂ.ಆರ್.ಐ. ನಡುವೆ ಸಣ್ಣ ನರವನ್ನೂ ಸುತ್ತ ಬಿಳಿಯ ದ್ರವವನ್ನೂ ಬೇರೆಬೇರೆಯಾಗಿ ತೋರಿಸುತ್ತದೆ.

ಬೆನ್ನುಮೂಳೆಯ ಪಕ್ಕದ ಚೀಲ

ಮೊದಲು ಹೇಳಿದ ಎದೆಯ ನೆರಳಿನ ವಿವರಕ್ಕೆ ಬರೋಣ. ಬೆನ್ನುಹುರಿಯನ್ನು ಸುತ್ತಿರುವ ಡ್ಯೂರಾ ಎಂಬ ಪೊರೆ ಎನ್‌ಎಫ್-1ರಲ್ಲಿ ದುರ್ಬಲವಾಗಿರುತ್ತದೆ. ಅದರೊಳಗಿನ ದ್ರವ ಹೃದಯದ ಪ್ರತಿ ಮಿಡಿತಕ್ಕೂ ತುಸು ಒತ್ತುತ್ತಿರುತ್ತದೆ. ವರ್ಷಗಟ್ಟಲೆ ನಡೆಯುವ ಈ ಒತ್ತಡಕ್ಕೆ ಪೊರೆ ಹಿಗ್ಗುತ್ತದೆ, ಕಶೇರುಮಣಿಗಳ ಹಿಂಬದಿ ನಿಧಾನವಾಗಿ ಒಳಸರಿಯುತ್ತದೆ, ನರಗಳು ಹೊರಬರುವ ರಂಧ್ರಗಳು ಅಗಲವಾಗುತ್ತವೆ. ಕೊನೆಗೆ ಅಂಥ ಒಂದು ರಂಧ್ರದ ಮೂಲಕ ಪೊರೆ ಎದೆಗೂಡಿನೊಳಕ್ಕೆ ಉಬ್ಬುತ್ತದೆ. ಇದನ್ನು ಪಾರ್ಶ್ವ ಮೆನಿಂಗೊಸೀಲ್ ಎನ್ನುತ್ತಾರೆ. ಎದೆಯ ಭಾಗದಲ್ಲಿ ಇದು ಕಂಡವರಲ್ಲಿ ಬಹುಪಾಲು ಜನ ಎನ್‌ಎಫ್-1 ಇರುವವರೇ. ಬೆನ್ನು ಡೊಂಕಾಗಿದ್ದರೆ, ಡೊಂಕಿನ ಹೊರಬಾಗಿದ ಬದಿಯಲ್ಲಿ ಇದು ಹೆಚ್ಚಾಗಿ ಕಾಣುತ್ತದೆ.

ಎಕ್ಸ್-ರೇಯಲ್ಲಿ ಈ ಚೀಲಕ್ಕೂ ನರದ ಗಡ್ಡೆಗೂ ವ್ಯತ್ಯಾಸ ಹೇಳುವುದು ಕಷ್ಟ, ಏಕೆಂದರೆ ನರದ ಗಡ್ಡೆಯೂ ಅದೇ ರಂಧ್ರದಿಂದ ಹೊರಬಂದು ಅದನ್ನು ಅಗಲಿಸುತ್ತದೆ. ಎಂ.ಆರ್.ಐ.ಯಲ್ಲಿ ಮಾತ್ರ ಉತ್ತರ ಬಹುಮಟ್ಟಿಗೆ ನೇರವಾಗಿ ಸಿಗುತ್ತದೆ. ಚೀಲದೊಳಗಿನದು ಬೆನ್ನುಹುರಿಯ ದ್ರವವೇ ಆದ್ದರಿಂದ ಎಲ್ಲ ಬಗೆಯ ಚಿತ್ರಗಳಲ್ಲೂ ಅದರ ಹೊಳಪು ಬೆನ್ನುಹುರಿಯ ಸುತ್ತಲ ದ್ರವದ ಹೊಳಪಿಗೆ ಸಮವಾಗಿರುತ್ತದೆ, ಕಾಂಟ್ರಾಸ್ಟ್ ಕೊಟ್ಟರೆ ಒಳಭಾಗ ಬೆಳಗುವುದಿಲ್ಲ, ಒಂದೊಂದೇ ಪದರವನ್ನು ಅನುಸರಿಸಿ ಹೋದರೆ ಚೀಲವು ಬೆನ್ನುಹುರಿಯ ಕಾಲುವೆಗೆ ಕೂಡಿಕೊಳ್ಳುವ ಕುತ್ತಿಗೆ ಕಾಣುತ್ತದೆ. ಇಷ್ಟು ಕಂಡ ಮೇಲೆ ಬಯಾಪ್ಸಿಗೆ ಅವಕಾಶವೇ ಇಲ್ಲ. ಗಡ್ಡೆಯೆಂದು ತಿಳಿದು ಸೂಜಿ ಹಾಕಿದರೆ ದ್ರವ ಸೋರಿ ತೀವ್ರ ತಲೆನೋವು ಬರಬಹುದು, ಸೋಂಕು ತಗುಲಿ ಮೆನಿಂಜೈಟಿಸ್, ಅಂದರೆ ಮಿದುಳುಪೊರೆಯ ಉರಿಯೂತ, ಆಗಲೂಬಹುದು.

ಮೂಳೆಯ ಅಂಚನ್ನೂ ಹತ್ತಿರದಿಂದ ನೋಡಬೇಕು. ನಿಧಾನದ ಒತ್ತಡದಿಂದ ಒಳಸರಿದ ಮೂಳೆಗೆ ಹೊಸ ಅಂಚಿನಲ್ಲಿಯೂ ತೆಳ್ಳನೆಯ ಗಟ್ಟಿ ಗೆರೆಯೊಂದು ಅಖಂಡವಾಗಿ ಉಳಿದಿರುತ್ತದೆ, ಏಕೆಂದರೆ ಹೊಂದಿಕೊಳ್ಳಲು ಮೂಳೆಗೆ ಸಮಯ ಸಿಕ್ಕಿರುತ್ತದೆ. ಕ್ಯಾನ್ಸರ್ ತಿಂದ ಮೂಳೆಯಲ್ಲಿ ಆ ಗೆರೆ ಕಡಿದುಹೋಗಿರುತ್ತದೆ, ಅಂಚು ಹರಿದಂತಿರುತ್ತದೆ, ಪಕ್ಕದ ಮಜ್ಜೆಯ ಬಣ್ಣವೂ ಬದಲಾಗಿರುತ್ತದೆ. ಎಂ.ಆರ್.ಐ. ವರದಿಯ ಜೊತೆಗೆ ಕೆಲವೇ ಪದರಗಳ ಸಿ.ಟಿ. ಚಿತ್ರವಿದ್ದರೆ ಈ ಒಂದು ಗೆರೆಯ ವಿಚಾರವನ್ನು ಖಚಿತಪಡಿಸಿಕೊಳ್ಳಬಹುದು.

ಉಳಿದ ಮೂಳೆಗಳಲ್ಲಿಯೂ ಇದೇ ತರ್ಕ. ಕಣ್ಣುಗುಳಿಯ ಹಿಂಗೋಡೆಯಾದ ಸ್ಫೀನಾಯ್ಡ್ ಮೂಳೆಯ ರೆಕ್ಕೆ ಕೆಲವರಲ್ಲಿ ರೂಪುಗೊಂಡೇ ಇರುವುದಿಲ್ಲ, ಅಥವಾ ಬರಬರುತ್ತ ಕರಗಿರುತ್ತದೆ. ಎಕ್ಸ್-ರೇಯಲ್ಲಿ ಒಂದು ಕಣ್ಣುಗುಳಿ ಖಾಲಿಯಾಗಿ ಕಾಣುತ್ತದೆ, ಮಿದುಳಿನ ಹಾಲೆ ಮುಂದಕ್ಕೆ ಉಬ್ಬಿ ಕಣ್ಣು ನಾಡಿಯೊಂದಿಗೆ ಮಿಡಿಯುತ್ತದೆ. ಪಕ್ಕೆಲುಬುಗಳು ತಿರುಚಿದ ಪಟ್ಟಿಗಳಂತೆ ತೆಳ್ಳಗಾಗುವುದು ಉಂಟು, ಅದಕ್ಕೆ ಪಕ್ಕದ ನರದ ಗಂಟು ಕಾರಣವಾಗಿರಬಹುದು ಅಥವಾ ಮೂಳೆಯ ದೋಷವೊಂದೇ ಕಾರಣವಾಗಿರಬಹುದು. ಮಂಡಿಯ ಸುತ್ತ ತೊಡೆಮೂಳೆಯಲ್ಲೂ ಮೊಳಕಾಲ ಮೂಳೆಯಲ್ಲೂ ಒಟ್ಟೊಟ್ಟಿಗೆ ನಾಲ್ಕಾರು ಟೊಳ್ಳು ಜಾಗಗಳು ಕಂಡಾಗ ದೇಹದ ಬೇರೆಡೆಯ ಕ್ಯಾನ್ಸರ್ ಹರಡಿದೆಯೆಂಬ ಭಯ ಹುಟ್ಟುತ್ತದೆ. ಹರೆಯದವರಲ್ಲಿ ಅವು ಹೊರಪದರಕ್ಕೆ ಅಂಟಿಕೊಂಡು, ಸುತ್ತ ಗಟ್ಟಿ ಬಿಳಿಯ ಅಂಚಿನೊಂದಿಗೆ ಇದ್ದರೆ ಅವು ನಾನ್-ಆಸಿಫೈಯಿಂಗ್ ಫೈಬ್ರೊಮ ಎಂಬ ಸಾಧು ಬದಲಾವಣೆಗಳು. ಮೂಳೆ ಮುರಿಯುವಷ್ಟು ದೊಡ್ಡದಾಗದ ಹೊರತು ಅವುಗಳ ತಂಟೆಗೆ ಹೋಗಬಾರದು.

ಹೊಟ್ಟೆಯೊಳಗೆ ಲಿಂಫೋಮದ ವೇಷ

ನನ್ನ ಎಣಿಕೆಯಲ್ಲಿ ಅತ್ಯಂತ ಸುಲಭವಾಗಿ ತಪ್ಪು ಓದಿಗೆ ಸಿಗುವುದು ಹೊಟ್ಟೆಯ ಸಿ.ಟಿ. ಸೊಂಟದ ನರಜಾಲದ ಉದ್ದಕ್ಕೂ ಹಬ್ಬುವ ಪ್ಲೆಕ್ಸಿಫಾರ್ಮ್ ನ್ಯೂರೋಫೈಬ್ರೊಮ, ಮಹಾಧಮನಿಯ ಇಕ್ಕೆಲಗಳಲ್ಲೂ ಬೆನ್ನುಮೂಳೆಯ ಪಕ್ಕದ ಸೋಯಸ್ ಸ್ನಾಯುವಿನ ಮಗ್ಗುಲಲ್ಲೂ ಗಂಟುಗಂಟಾಗಿ ಜೋಡಿಸಿಕೊಂಡಿರುತ್ತದೆ. ಅಡ್ಡಪದರದ ಚಿತ್ರದಲ್ಲಿ ಪ್ರತಿ ಗಂಟೂ ಒಂದೊಂದು ದುಂಡು ನೆರಳಾಗಿ ಕಾಣುವುದರಿಂದ, ಊದಿದ ದುಗ್ಧಗ್ರಂಥಿಗಳ ಸಾಲೆಂದು, ಅಂದರೆ ಆ ಗ್ರಂಥಿಗಳ ಕ್ಯಾನ್ಸರಾದ ಲಿಂಫೋಮವೆಂದು ಓದುವುದು ಬಹಳ ಸುಲಭ. ಯಕೃತ್ತಿನ ದ್ವಾರದ ಬಳಿ, ಪೋರ್ಟಲ್ ರಕ್ತನಾಳವನ್ನು ಸುತ್ತಿಕೊಂಡು ಬೆಳೆದಾಗಲಂತೂ ಪಿತ್ತನಾಳದ ಕ್ಯಾನ್ಸರಿನ ಅನುಮಾನವೂ ಬರುತ್ತದೆ. ಮಕ್ಕಳ ಮೂತ್ರಕೋಶದ ಗೋಡೆಯಲ್ಲಿ ಬೆಳೆದರೆ ಅದು ಮಾಂಸಖಂಡದ ಕ್ಯಾನ್ಸರನ್ನು ಹೋಲುತ್ತದೆ.

ಬಿಡಿಸಿ ನೋಡಲು ಮೂರು ಸುಳಿವುಗಳಿವೆ, ಮೂರಕ್ಕೂ ಒಂದೇ ತೂಕವಿಲ್ಲ. ಹೆಚ್ಚು ತೂಕದ್ದು ಸಾಂದ್ರತೆ. ಸಿ.ಟಿ.ಯ ಅಳತೆಯಲ್ಲಿ ನೀರು ಸೊನ್ನೆ. ಕಾಂಟ್ರಾಸ್ಟ್ ಇಲ್ಲದ ಚಿತ್ರದಲ್ಲಿ ಸ್ನಾಯು ಸುಮಾರು 50ರ ಆಸುಪಾಸಿನಲ್ಲಿದ್ದರೆ ನ್ಯೂರೋಫೈಬ್ರೊಮ ಅನೇಕ ವೇಳೆ 20ರಿಂದ 30ರ ನಡುವೆ ನಿಲ್ಲುತ್ತದೆ, ಏಕೆಂದರೆ ಅದರೊಳಗೆ ಲೋಳೆಯಂಥ ವಸ್ತುವೂ ಕೊಬ್ಬಿನಂಶವೂ ಹೆಚ್ಚಾಗಿರುತ್ತವೆ. ದುಗ್ಧಗ್ರಂಥಿ ಸಾಮಾನ್ಯವಾಗಿ ಸ್ನಾಯುವಿಗೆ ಹತ್ತಿರವಿರುತ್ತದೆ. ಎರಡನೆಯದು ಹಾದಿ: ನರದ ಗಂಟುಗಳು ನರದ ಜಾಡಿನಲ್ಲೇ, ಎರಡೂ ಬದಿಗಳಲ್ಲಿ ಬಹುಮಟ್ಟಿಗೆ ಸಮವಾಗಿ ಸಾಗಿ ಬೆನ್ನುಮೂಳೆಯ ರಂಧ್ರಗಳಿಗೆ ಹೋಗಿ ಸೇರುತ್ತವೆ, ಮೇಲಿಂದ ಕೆಳಗಿನವರೆಗಿನ ಉದ್ದ ಛೇದದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ರಕ್ತಪರೀಕ್ಷೆ, ಜ್ವರ, ತೂಕ ಇಳಿಕೆ ಮುಂತಾದವು ಮೂರನೆಯ ಸುಳಿವು. ಕಡಿಮೆ ಸಾಂದ್ರತೆಯ ಕಾರಣಕ್ಕೇ ನರದ ಗಂಟುಗಳನ್ನು ಕೀವು ತುಂಬಿದ ಅಥವಾ ಕ್ಷಯದಿಂದ ಒಳಗೆ ಕೊಳೆತ ಗ್ರಂಥಿಗಳೆಂದು ಭಾವಿಸುವ ಇನ್ನೊಂದು ಅಪಾಯವೂ ಇದೆ. ಕ್ಷಯ ಇನ್ನೂ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ.

ಇದೇ ಹೊಟ್ಟೆಯೊಳಗೆ ಬೇರೆ ರೀತಿಯ ಎಚ್ಚರಿಕೆ ಬೇಡುವ ಗಡ್ಡೆಯೊಂದಿದೆ. ಎನ್‌ಎಫ್-1 ಇರುವವರಲ್ಲಿ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೊಮೊಸೈಟೋಮ ಬರುವುದು ಉಳಿದವರಿಗಿಂತ ಹೆಚ್ಚು. ಮೂತ್ರಪಿಂಡದ ಮೇಲ್ತುದಿಯ ಬಳಿ ಗಂಟು ಕಂಡಾಗ ಅದೂ ನರದ ಗಂಟೇ ಇರಬೇಕೆಂದಾಗಲಿ, ಎಲ್ಲಿಂದಲೋ ಹರಡಿದ ಕ್ಯಾನ್ಸರ್ ಎಂದಾಗಲಿ ಊಹಿಸಿ ಸೂಜಿ ಹಾಕಿದರೆ, ಅದು ರಕ್ತಕ್ಕೆ ಸುರಿಸುವ ಹಾರ್ಮೋನುಗಳಿಂದ ರಕ್ತದೊತ್ತಡ ಜೀವಕ್ಕೆ ಎರವಾಗುವಷ್ಟು ಏರಬಲ್ಲದು. ಮೆಟಾನೆಫ್ರಿನ್ ಎಂಬ ರಾಸಾಯನಿಕವನ್ನು ರಕ್ತದಲ್ಲೋ ಮೂತ್ರದಲ್ಲೋ ಅಳೆದ ಬಳಿಕವೇ ಅಂಥ ಗಂಟಿನ ಬಗ್ಗೆ ಮುಂದಿನ ಮಾತು.

ನಿಜವಾದ ಕ್ಯಾನ್ಸರ್ ಮತ್ತು ಪೆಟ್ ಸ್ಕ್ಯಾನಿನ ಮಿತಿ

ಚರ್ಮದ ಮೇಲಿನ ಮೆತ್ತನೆಯ ಸಣ್ಣ ಗಂಟುಗಳು ಕ್ಯಾನ್ಸರಾಗಿ ಬದಲಾಗುವುದಿಲ್ಲ. ನೂರಾರು ಗಂಟುಗಳನ್ನು ಹೊತ್ತು ಬದುಕುವವರು ಇದನ್ನು ಖಚಿತವಾಗಿ ತಿಳಿದಿರಬೇಕು. ಅಪಾಯ ಇರುವುದು ಆಳದ ನರಗಳ ಗಂಟುಗಳಲ್ಲಿ, ಅದರಲ್ಲೂ ಹುಟ್ಟಿನಿಂದಲೇ ಇದ್ದು ಒಂದು ನರದ ಅನೇಕ ಕವಲುಗಳನ್ನು ಆವರಿಸುವ ಪ್ಲೆಕ್ಸಿಫಾರ್ಮ್ ಗಂಟುಗಳಲ್ಲಿ. ಅವುಗಳಿಂದ ಹುಟ್ಟುವ ನರಹೊದಿಕೆಯ ಮಾರಕ ಗಡ್ಡೆ ಜೀವಮಾನದಲ್ಲಿ ನೂರಕ್ಕೆ ಸುಮಾರು 8ರಿಂದ 13 ಮಂದಿಗೆ ಬರುತ್ತದೆಂದು ಅಂದಾಜು. ಈ ಮಾರಕ ಗಡ್ಡೆ ಮತ್ತು ಅದರ ಸಾಧು ಪೂರ್ವಜ ಒಂದೇ ನರದಲ್ಲಿ ಒಂದರೊಳಗೊಂದು ಇರಬಲ್ಲವು. ಹೀಗಾಗಿ ಸ್ಕ್ಯಾನ್ ಓದುವವರ ಪಾಲಿಗೆ ಇದು ಎಲ್ಲಕ್ಕಿಂತ ಕಠಿಣ ಪ್ರಶ್ನೆ.

ಸಾಧು ಗಂಟಿನ ಎಂ.ಆರ್.ಐ. ಚಿತ್ರಕ್ಕೆ ಒಂದು ಗುರುತಿದೆ: ಟಿ-2 ಚಿತ್ರದಲ್ಲಿ ಅಡ್ಡ ಕೊಯ್ದಂತೆ ನೋಡಿದಾಗ ಹೊರಗೆ ಬಿಳಿಯ ಉಂಗುರ, ನಡುವೆ ಕಪ್ಪು ಬೊಟ್ಟು. ನಡುವಿನದು ನಾರಿನಂಶ, ಹೊರಗಿನದು ನೀರಿನಂಶ ಹೆಚ್ಚಿರುವ ಲೋಳೆಭಾಗ. ಮಾರಕವಾಗುತ್ತಿರುವ ಗಂಟಿನಲ್ಲಿ ಈ ಗುರುತು ಅಳಿಸಿಹೋಗುತ್ತದೆ. ಗಂಟು ದೊಡ್ಡದಾಗುವುದು, ಕಾಂಟ್ರಾಸ್ಟ್ ಕೊಟ್ಟಾಗ ಅಂಚು ಮಾತ್ರ ಬೆಳಗುವುದು, ಸುತ್ತಲ ಅಂಗಾಂಶದಲ್ಲಿ ನೀರು ಸೇರುವುದು, ಒಳಗೆ ಕೊಳೆತು ಟೊಳ್ಳಾಗುವುದು, ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಒಟ್ಟಿಗೆ ಕಂಡರೆ ಅನುಮಾನ ಬಲವಾಗುತ್ತದೆ. ನೀರಿನ ಕಣಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್ ಚಿತ್ರವೂ ನೆರವಾಗುತ್ತದೆ. ಜೀವಕೋಶಗಳು ಒತ್ತೊತ್ತಾಗಿರುವ ಮಾರಕ ಗಡ್ಡೆಯಲ್ಲಿ ಆ ಚಲನೆಗೆ ತಡೆಯುಂಟಾಗುತ್ತದೆ.

ಇನ್ನು ಪೆಟ್ ಸ್ಕ್ಯಾನ್. ವಿಕಿರಣಶೀಲ ಸಕ್ಕರೆಯನ್ನು ಚುಚ್ಚಿ, ಯಾವ ಜಾಗ ಅದನ್ನು ಹೆಚ್ಚು ಹೀರುತ್ತದೆಂದು ನೋಡುವ ಪರೀಕ್ಷೆ ಇದು. ಎಂ.ಆರ್.ಐ. ಗಂಟಿನ ಆಕಾರ ಹೇಳಿದರೆ ಪೆಟ್ ಅದರ ಚಟುವಟಿಕೆ ಹೇಳುತ್ತದೆ, ಆದ್ದರಿಂದ ಎನ್‌ಎಫ್-1ರಲ್ಲಿ ಅದರ ಉಪಯೋಗ ದೊಡ್ಡದು. ಹೀರಿಕೆಯ ಅಳತೆ 3.5ಕ್ಕಿಂತ ಹೆಚ್ಚಿದ್ದರೆ ಅನುಮಾನಿಸಬೇಕೆಂಬ ಗೆರೆಯನ್ನು ಅನೇಕ ಕಡೆ ಬಳಸುತ್ತಾರೆ. ಆದರೆ ಈ ಗೆರೆಯ ಮೇಲೆ ವಿಪರೀತ ನಂಬಿಕೆಯಿಡುವುದು ಸರಿಯಲ್ಲ. ಸಂಪೂರ್ಣ ಸಾಧುವಾದ ಪ್ಲೆಕ್ಸಿಫಾರ್ಮ್ ಗಂಟುಗಳೂ ಕೆಲವೊಮ್ಮೆ ಅದನ್ನು ದಾಟುತ್ತವೆ, ಮಾರಕವಾದವೂ ಕೆಲವೊಮ್ಮೆ ಅದರ ಕೆಳಗೇ ಉಳಿಯುತ್ತವೆ. ಮಾರಕವಾಗುವ ಹಾದಿಯಲ್ಲಿರುವ, ಆದರೆ ಇನ್ನೂ ಕ್ಯಾನ್ಸರ್ ಆಗಿರದ ಅಸಹಜ ನ್ಯೂರೋಫೈಬ್ರೊಮಗಳು ಎರಡರ ನಡುವಿನ ಮಬ್ಬಿನಲ್ಲಿ ಬರುತ್ತವೆ. ಚುಚ್ಚುಮದ್ದು ಕೊಟ್ಟು ಸುಮಾರು ಒಂದೂವರೆ ಗಂಟೆಯ ಬಳಿಕ ತೆಗೆಯುವ ಚಿತ್ರದ ಜೊತೆಗೆ ನಾಲ್ಕು ಗಂಟೆಗಳ ಬಳಿಕ ಇನ್ನೊಂದನ್ನು ತೆಗೆದರೆ ಮಾರಕ ಗಡ್ಡೆ ಹೆಚ್ಚು ಎದ್ದು ಕಾಣುತ್ತದೆ ಎಂದು ಲಂಡನ್ನಿನ ಗೈಸ್ ಆಸ್ಪತ್ರೆಯ ತಂಡದ ಕೆಲಸ ತೋರಿಸಿತು. ಪೆಟ್‌ನ ನಿಜವಾದ ಬೆಲೆ ಇರುವುದು ಬಯಾಪ್ಸಿ ಎಲ್ಲಿಂದ ತೆಗೆಯಬೇಕೆಂದು ತೋರಿಸುವುದರಲ್ಲಿ. ಒಂದು ಅಡಿ ಉದ್ದದ ಗಂಟಿನ ಯಾವ ಮೂಲೆಯಲ್ಲಿ ಕ್ಯಾನ್ಸರ್ ಅಡಗಿರಬಹುದೆಂದು ತಿಳಿಯದೆ ಸೂಜಿ ಹಾಕಿದರೆ ಸಾಧು ಭಾಗವೇ ಸಿಕ್ಕಿ ಸುಳ್ಳು ಸಮಾಧಾನ ಉಂಟಾಗುತ್ತದೆ.

ಸ್ತನದ ಎಕ್ಸ್-ರೇ ಆದ ಮ್ಯಾಮೋಗ್ರಾಮಿನಲ್ಲಿ ಗೊಂದಲ ಬರುವುದು ಸರಳ ಕಾರಣಕ್ಕೆ. ಸ್ತನದ ಚರ್ಮದ ಮೇಲಿನ ಗಂಟುಗಳು ಚಿತ್ರದಲ್ಲಿ ಸ್ತನದೊಳಗಿನ ಗಂಟುಗಳಂತೆ ಬೀಳುತ್ತವೆ, ಎದೆಯ ಎಕ್ಸ್-ರೇಯಲ್ಲಿ ಶ್ವಾಸಕೋಶದ ಗಂಟುಗಳಂತೆ ಬೀಳುವ ಹಾಗೆಯೇ. ಚರ್ಮದ ಗಂಟಿನ ಸುತ್ತ ಗಾಳಿ ಸಿಕ್ಕಿಕೊಂಡು ಕಪ್ಪು ಅಂಚು ಮೂಡುವುದು ಒಂದು ಗುರುತು. ಚಿತ್ರ ತೆಗೆಯುವ ಮೊದಲೇ ಗಂಟುಗಳ ಮೇಲೆ ಲೋಹದ ಚುಕ್ಕೆ ಅಂಟಿಸಿದರೆ ಗೊಂದಲವೇ ಉಳಿಯದು. ಆದರೆ ಎನ್‌ಎಫ್-1 ಇರುವ ಮಹಿಳೆಯರಲ್ಲಿ ಐವತ್ತರ ಒಳಗೆ ಸ್ತನ ಕ್ಯಾನ್ಸರ್ ಬರುವ ಅಪಾಯ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಆ ಕಾರಣದಿಂದಲೇ ಅಮೆರಿಕದ ಮಾರ್ಗಸೂಚಿಗಳು ಮೂವತ್ತನೇ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್ ಮಾಡಿಸಲು ಹೇಳುತ್ತವೆ. ‘ಇವರಿಗೆ ಮೈತುಂಬ ಗಂಟುಗಳಿವೆ, ಇದೂ ಅದರಲ್ಲೊಂದು’ ಎಂದು ಕೈಬಿಡುವ ತಪ್ಪು ಇಲ್ಲಿ ಜೀವಕ್ಕೇ ಕುತ್ತು.

ತಪ್ಪು ಓದಿನ ಬೆಲೆ

ಸಾಧು ಬದಲಾವಣೆಯನ್ನು ಕ್ಯಾನ್ಸರ್ ಎಂದು ಓದಿದರೆ ಆಗುವ ಹಾನಿ ಬರಿಯ ಭಯದಲ್ಲಿ ಮುಗಿಯುವುದಿಲ್ಲ. ಎನ್‌ಎಫ್-1 ಇರುವವರ ಜೀವಕೋಶಗಳು ವಿಕಿರಣಕ್ಕೆ ಬಹಳ ಸೂಕ್ಷ್ಮ. ಬಾಲ್ಯದಲ್ಲಿ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಮುಂದೆ ಅದೇ ಜಾಗದಲ್ಲಿ ಮಾರಕ ಗಡ್ಡೆಗಳು ಹುಟ್ಟುವ ಅಪಾಯ ಏರುತ್ತದೆ, ಮಿದುಳಿಗೆ ವಿಕಿರಣ ಕೊಟ್ಟಾಗ ರಕ್ತನಾಳಗಳು ಸಂಕುಚಿತಗೊಂಡು ಮೊಯಾಮೊಯಾ ಎಂಬ ತೊಂದರೆ ಬರುವ ಸಂಭವವೂ ಹೆಚ್ಚುತ್ತದೆ. ಇಲ್ಲದ ಕ್ಯಾನ್ಸರಿಗೆ ಕೊಟ್ಟ ವಿಕಿರಣ, ನಿಜವಾದ ಕ್ಯಾನ್ಸರನ್ನು ತರಬಲ್ಲದು. ಇದೇ ಕಾರಣಕ್ಕೆ, ಮತ್ತೆಮತ್ತೆ ಮಾಡಬೇಕಾದ ಪರಿಶೀಲನೆಗೆ ಸಿ.ಟಿ.ಗಿಂತ ವಿಕಿರಣವಿಲ್ಲದ ಎಂ.ಆರ್.ಐ.ಯನ್ನು ಆರಿಸಿಕೊಳ್ಳುವುದು ಒಳಿತು. ಸಾಧು ಎಂದು ಗುರುತಿಸಿದರೆ ಸುಮ್ಮನಿರಬೇಕೆಂದೂ ಇಲ್ಲ: ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದ, ತೊಂದರೆ ಕೊಡುವ ಪ್ಲೆಕ್ಸಿಫಾರ್ಮ್ ಗಂಟುಗಳಿರುವ ಮಕ್ಕಳಿಗೆ ಸೆಲುಮೆಟಿನಿಬ್ ಎಂಬ ಮಾತ್ರೆಯನ್ನು ಅಮೆರಿಕ 2020ರಲ್ಲಿ ಒಪ್ಪಿತು. ಅದು ರಾಸ್ ಸಂಕೇತದ ಮುಂದಿನ ಕೊಂಡಿಯೊಂದನ್ನು ತಡೆದು ಅನೇಕರಲ್ಲಿ ಗಂಟನ್ನು ಕುಗ್ಗಿಸುತ್ತದೆ.

ನಮ್ಮ ಊರುಗಳ ಸ್ಕ್ಯಾನಿಂಗ್ ಸೆಂಟರಿನಲ್ಲಿ ಚಿತ್ರ ಓದುವ ವೈದ್ಯರು ರೋಗಿಯ ಮುಖವನ್ನೇ ನೋಡದಿರುವುದು ಉಂಟು. ಅವರ ಮುಂದಿರುವುದು ‘ಎದೆನೋವು’ ಅಥವಾ ‘ಹೊಟ್ಟೆನೋವು’ ಎಂದಷ್ಟೇ ಬರೆದ ಒಂದು ಚೀಟಿ. ಆ ಚೀಟಿಯಲ್ಲಿ ‘ಎನ್‌ಎಫ್-1 ಇದೆ’ ಎಂಬ ಒಂದು ಮಾತು ಸೇರಿದರೆ, ಈ ಬರಹದಲ್ಲಿ ಹೇಳಿದ ಅರ್ಧಕ್ಕರ್ಧ ಗೊಂದಲಗಳು ವರದಿಗೆ ಮೊದಲೇ ತಿಳಿಯಾಗುತ್ತವೆ. ರೋಗಿಯಾಗಲಿ ಮನೆಯವರಾಗಲಿ ಅದನ್ನು ಬಾಯಿಬಿಟ್ಟು ಹೇಳಬೇಕು, ಹಳೆಯ ಫಿಲ್ಮುಗಳನ್ನೂ ಸಿ.ಡಿ.ಗಳನ್ನೂ ಪ್ರತಿ ಬಾರಿಯೂ ಒಯ್ಯಬೇಕು. ಐದು ವರ್ಷದ ಹಿಂದಿನ ಚಿತ್ರದಲ್ಲಿಯೂ ಅದೇ ಗಾತ್ರದಲ್ಲಿದ್ದ ಗಂಟು ಇಂದು ಮಾರಕವಾಗಿರುವ ಸಾಧ್ಯತೆ ಬಹಳ ಕಡಿಮೆ, ಅದನ್ನು ಹೇಳಬಲ್ಲದ್ದು ಹಳೆಯ ಚಿತ್ರವೊಂದೇ. ಆದರೆ ಒಂದು ಗಂಟು ಕೆಲವೇ ವಾರಗಳಲ್ಲಿ ಬೆಳೆಯತೊಡಗಿದರೆ, ಮೆತ್ತಗಿದ್ದದ್ದು ಗಟ್ಟಿಯಾದರೆ, ನಿದ್ದೆಯಿಂದ ಎಬ್ಬಿಸುವಂಥ ನೋವು ಬಿಡದೆ ಕಾಡಿದರೆ, ಕೈಯಲ್ಲೋ ಕಾಲಲ್ಲೋ ಹೊಸದಾಗಿ ಬಲ ಕುಂದಿದರೆ, ಹಿಂದಿನ ಸ್ಕ್ಯಾನ್ ಚೆನ್ನಾಗಿತ್ತೆಂಬುದು ಕಾಯಲು ಕಾರಣವಾಗುವುದಿಲ್ಲ, ಅಂಥವರಿಗೆ ಎಂ.ಆರ್.ಐ.ಯೂ, ಅಗತ್ಯ ಕಂಡರೆ ಪೆಟ್ ಮತ್ತು ಬಯಾಪ್ಸಿಯೂ ತಡವಿಲ್ಲದೆ ಆಗಬೇಕು.